ತೂಕದ ರಿಜಿಸ್ಟರ್‌ನಲ್ಲಿ ಒಂದು ಫುಟ್‌ಬಾಲ್ ಸೀಸನ್

ತೋರಣಗಲ್ಲು ಹತ್ತಿರದ ಒಂದು ವೇಬ್ರಿಡ್ಜ್‌ನಲ್ಲಿ ನನ್ನ ಕೆಲಸ. ಅದಿರಿನ ಲಾರಿ ಬರುತ್ತದೆ, ತೂಗುತ್ತೇನೆ, ಸ್ಲಿಪ್ ಕೊಡುತ್ತೇನೆ. ಈಗ ಎಲ್ಲಾ ಕಂಪ್ಯೂಟರ್. ಆದರೂ ಕರೆಂಟ್ ಹೋದರೆ ಇರಲಿ ಅಂತ ಉದ್ದನೆಯ ರಿಜಿಸ್ಟರ್ ಇಟ್ಟುಕೊಂಡಿರುತ್ತೇವೆ. ಅಂಥ ಒಂದು ಹಳೇ ರಿಜಿಸ್ಟರಿನ ಕೊನೆಯಲ್ಲಿ ನಲವತ್ತು ಪುಟ ಖಾಲಿ ಉಳಿದಿತ್ತು. 2023ರ ಸೆಪ್ಟೆಂಬರಿನಿಂದ 2024ರ ಏಪ್ರಿಲ್ ತನಕ ಆ ಪುಟಗಳಲ್ಲಿ ನಾನು ಇಂಗ್ಲೆಂಡಿನ ಒಂದು ಫುಟ್‌ಬಾಲ್ ಲೀಗ್‌ನ ಲೆಕ್ಕ ಬರೆದೆ. ಲಾರಿ ನಂಬರ್ ಇರಬೇಕಾದ ಕಡೆ ತಂಡದ ಹೆಸರು. ಒಟ್ಟು ತೂಕದ ಕಡೆ ಆಡಿದ ಮ್ಯಾಚು. ನಿವ್ವಳ ತೂಕದ ಕಡೆ ಪಾಯಿಂಟು.

ಟಿವಿಯಲ್ಲಿ ಬರೋ ಪ್ರೀಮಿಯರ್ ಲೀಗ್ ಅಲ್ಲ ಇದು. ಅದಕ್ಕಿಂತ ಏಳು ಮೆಟ್ಟಿಲು ಕೆಳಗಿನದು. ಹೆಸರು ನಾರ್ದರ್ನ್ ಪ್ರೀಮಿಯರ್ ಲೀಗ್, ಡಿವಿಷನ್ ಒನ್ ಈಸ್ಟ್. ಆ ಸೀಸನ್‌ನಲ್ಲಿ ಇಪ್ಪತ್ತು ತಂಡ ಇದ್ದವು, ಒಬ್ಬೊಬ್ಬರಿಗೆ 38 ಮ್ಯಾಚ್. ಆಡುವವರು ಹಗಲು ಬೇರೆ ಕೆಲಸ ಮಾಡುತ್ತಾರೆ. ಎಲೆಕ್ಟ್ರಿಷಿಯನ್ ಇರುತ್ತಾರೆ, ಮೇಷ್ಟ್ರು ಇರುತ್ತಾರೆ, ಗೋಡೆಗೆ ಗಾರೆ ಹಚ್ಚುವವರು ಇರುತ್ತಾರೆ. ವಾರದಲ್ಲಿ ಒಂದೆರಡು ಸಂಜೆ ಪ್ರಾಕ್ಟೀಸ್, ಶನಿವಾರ ಮ್ಯಾಚ್. ಆಟಕ್ಕೆ ಒಂದಿಷ್ಟು ದುಡ್ಡು ಸಿಗುತ್ತದೆ, ಆದರೆ ಅದರಲ್ಲೇ ಸಂಸಾರ ನಡೆಯೋದಿಲ್ಲ.

ನಮ್ಮ ಮನೆಗೆ ಇದು ಬಂದದ್ದು ನನ್ನ ತಮ್ಮನಿಂದ. ಅವನು ಬ್ಯಾಂಕ್ ಸಾಲ ಮಾಡಿ ಲೋಹಶಾಸ್ತ್ರ ಓದೋಕೆ ಶೆಫೀಲ್ಡ್‌ಗೆ ಹೋದ. ಉಕ್ಕಿನ ಊರು, ಹಾಗಾಗಿ ಅಪ್ಪನಿಗೂ ಸಮಾಧಾನ. ಹೋದ ಮೊದಲ ವಾರ ದಿನಾ ಫೋನ್ ಮಾಡಿ ಸುಮ್ನೆ ಕೂತಿರುತ್ತಿದ್ದ. ಏನಾದರೂ ಮಾತಾಡೋ ಅಂದರೆ "ಏನಿಲ್ಲಕ್ಕ" ಅನ್ನುತ್ತಿದ್ದ. ಎರಡನೇ ಶನಿವಾರ ಫೋನ್ ಬಂದಾಗ ಹಿಂದೆ ಜನರ ಕೂಗು. "ಅಕ್ಕಾ, ಇಲ್ಲೊಂದು ಟೀಮ್ ಐತೆ. ಹೆಸರಲ್ಲೇ ಸ್ಟೀಲ್ಸ್ ಅಂತ ಐತೆ. ಅದ್ಕೇ ಬಂದೆ" ಅಂದ.

ಸ್ಟಾಕ್ಸ್‌ಬ್ರಿಡ್ಜ್ ಪಾರ್ಕ್ ಸ್ಟೀಲ್ಸ್. ಶೆಫೀಲ್ಡ್‌ನಿಂದ ಮಿಡಲ್‌ವುಡ್ ತನಕ ಟ್ರಾಮ್, ಅಲ್ಲಿಂದ ಬಸ್. ಕಣಿವೆಯ ತಳದಲ್ಲಿ ಕಾರ್ಖಾನೆ, ಗುಡ್ಡದ ಮೇಲೆ ಗ್ರೌಂಡ್. ಗ್ರೌಂಡಿನ ಹೆಸರು ಬ್ರಾಕನ್ ಮೂರ್. ಹಳದಿ ಅಂಗಿ, ನೀಲಿ ಚಡ್ಡಿ. 1842ರಲ್ಲಿ ಸ್ಯಾಮ್ಯುಯೆಲ್ ಫಾಕ್ಸ್ ಅನ್ನುವವರು ಆ ಊರಿಗೆ ಬಂದು ಒಂದು ಹಿಟ್ಟಿನ ಗಿರಣಿಯಲ್ಲಿ ತಂತಿ ಎಳೆಯೋ ಕೆಲಸ ಶುರು ಮಾಡಿದರು. ಆಮೇಲೆ ಕೊಡೆಯ ಉಕ್ಕಿನ ಕಡ್ಡಿ ಮಾಡಿ ಹೆಸರಾದರು. ಅದೇ ಬೆಳೆದು ದೊಡ್ಡ ಉಕ್ಕಿನ ಕಾರ್ಖಾನೆ ಆಯಿತು. ಕಾರ್ಖಾನೆಯವರ ಟೀಮ್ ಒಂದು, ಆಕ್ಸ್‌ಲಿ ಪಾರ್ಕ್ ಅಂತ ಇನ್ನೊಂದು. ಎರಡೂ 1986ರಲ್ಲಿ ಸೇರಿ ಈ ಕ್ಲಬ್ ಆಯಿತು. 2007ರಲ್ಲಿ ಟಾಟಾದವರು ಕೋರಸ್ ಕಂಪನಿ ಕೊಂಡಾಗ ಆ ಕಾರ್ಖಾನೆಯೂ ಅವರ ಕೈಗೆ ಬಂತು. ಹತ್ತು ವರ್ಷ ಇಟ್ಟುಕೊಂಡು 2017ರಲ್ಲಿ ಮಾರಿದರು. ಇದನ್ನು ಕೇಳಿ ಅಪ್ಪ ಎದ್ದು ಕೂತರು. "ಹಂಗಾದ್ರೆ ನಮ್ಮೋರೇ" ಅಂದರು. ಅವತ್ತಿನಿಂದ ಅವರು ನಮ್ಮ ಮನೆಯಲ್ಲಿ "ನಮ್ಮೋರು".

ಅಪ್ಪ ಸ್ಟೀಲ್ ಪ್ಲಾಂಟ್‌ನಲ್ಲಿ ಕಾಂಟ್ರಾಕ್ಟ್ ಫಿಟ್ಟರ್. ಶಿಫ್ಟ್ ಇಲ್ಲದ ಶನಿವಾರ ಏಳೂವರೆಗೆ ಸರಿಯಾಗಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅಲ್ಲಿ ಮಧ್ಯಾಹ್ನ ಮೂರು ಗಂಟೆ, ನಮಗೆ ರಾತ್ರಿ ಏಳೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿದ ಮೇಲೆ ಎಂಟೂವರೆ ಆಯಿತು. ಅವ್ವನಿಗೆ ಇದು ಒಗ್ಗಲಿಲ್ಲ. ಏಳೂವರೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ರೆಡಿ ಮಾಡಿ ಕೂತಿರುತ್ತಿದ್ದಳು. ಮ್ಯಾಚ್ ಶುರುವಾಗೋ ಹೊತ್ತಿಗೆ ಮಿರ್ಚಿ ಮೆತ್ತಗಾಗಿರುತ್ತಿತ್ತು.

ಮೂರು ಗಂಟೆಯ ಹಿಂದೆ ಒಂದು ಕತೆ ಇದೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರ ತನಕ ಟಿವಿಯಲ್ಲಿ ಫುಟ್‌ಬಾಲ್ ಲೈವ್ ತೋರಿಸುವ ಹಾಗಿಲ್ಲ. 1960ರ ದಶಕದಿಂದ ಇರೋ ಕಟ್ಟುಪಾಡು. ಬರ್ನ್‌ಲಿ ಕ್ಲಬ್ಬಿನ ಚೇರ್ಮನ್ ಆಗಿದ್ದ ಬಾಬ್ ಲಾರ್ಡ್ ಇದಕ್ಕಾಗಿ ಹಟ ಹಿಡಿದಿದ್ದರು. ದೊಡ್ಡ ಟೀಮಿನ ಆಟ ಮನೆಯಲ್ಲೇ ಸಿಕ್ಕರೆ ಸಣ್ಣ ಊರಿನ ಗ್ರೌಂಡಿಗೆ ಯಾರು ಬರುತ್ತಾರೆ ಅನ್ನುವುದು ಲೆಕ್ಕ. ಮ್ಯಾಂಚೆಸ್ಟರ್ ಯುನೈಟೆಡ್ ಶನಿವಾರ ಮೂರಕ್ಕೆ ಆಡಿದರೆ ನಾನು ಬಳ್ಳಾರಿಯಲ್ಲಿ ಕೂತು ನೋಡಬಹುದು, ಅದೇ ದೇಶದವರು ನೋಡುವಂತಿಲ್ಲ. ನನಗೆ ಇದು ತುಂಬಾ ಒಳ್ಳೆಯ ಕಾನೂನು ಅನ್ನಿಸುತ್ತದೆ. ಸಣ್ಣವರಿಗೆ ಅಂತ ವಾರದಲ್ಲಿ ಎರಡೂವರೆ ತಾಸು ಎತ್ತಿಟ್ಟಿದ್ದಾರೆ, ಅಲ್ವಾ?

ತಮ್ಮ ಫೋನ್ ಎತ್ತಿ ಹಿಡಿದಷ್ಟು ಹೊತ್ತು ನಮಗೆ ಮ್ಯಾಚ್. ಗಾಳಿ ಶಬ್ದ ಜಾಸ್ತಿ. ಕೈ ಮರಗಟ್ಟಿದಾಗ ಫೋನ್ ಜೇಬಿಗೆ ಹೋಗುತ್ತಿತ್ತು, ಆಗ ಬರೀ ಮಾತು ಕೇಳುತ್ತಿತ್ತು. ನೋಡೋಕೆ ಬರುವವರು ಕೆಲವು ನೂರು ಜನ. ಗೇಟಿನಲ್ಲಿ ಟಿಕೆಟ್ ಕೊಡೋರು, ಚಹಾ ಮಾರೋರು, ಹುಲ್ಲು ನೋಡಿಕೊಳ್ಳೋರು, ಬಹಳ ಮಂದಿ ಸಂಬಳ ಇಲ್ಲದೆ ಬರೋರು. ಮೂರನೇ ವಾರಕ್ಕೆ ಚಹಾ ಅಂಗಡಿಯ ಹೆಂಗಸು ತಮ್ಮನಿಗೆ ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟರಂತೆ. ಅವತ್ತು ರಾತ್ರಿ ಅವನ ದನಿಯೇ ಬೇರೆ ಇತ್ತು. ಆ ಊರಲ್ಲಿ ಅವನ ಗುರುತು ಹಿಡಿದ ಮೊದಲ ಮನುಷ್ಯಳು ಆಕೆ.

ಶೆಫೀಲ್ಡ್‌ನವರು ಪೈ ಮೇಲೆ ಹೆಂಡರ್ಸನ್ಸ್ ರೆಲಿಶ್ ಅಂತ ಒಂದು ಕಪ್ಪು ಸಾಸ್ ಸುರಿದುಕೊಳ್ಳುತ್ತಾರೆ. ತಮ್ಮ ನಾಲಿಗೆಗೆ ಇಟ್ಟವನೇ "ಅಕ್ಕಾ, ಹುಣಸೆಹಣ್ಣು!" ಅಂದ. ಬಾಟಲಿ ತಿರುಗಿಸಿ ಓದಿದರೆ ನಿಜವಾಗಿಯೂ ಹುಣಸೆಹಣ್ಣು ಇತ್ತು. ಅವ್ವನಿಗೆ ಇಡೀ ಸೀಸನ್‌ನಲ್ಲಿ ಹಿಡಿಸಿದ ಸುದ್ದಿ ಅಂದರೆ ಅದೊಂದೇ.

ಮ್ಯಾಚ್‌ಗಳ ಸ್ಕೋರ್ ಇಲ್ಲಿ ಬರೆಯೋಲ್ಲ, ರಿಜಿಸ್ಟರ್‌ನಲ್ಲಿವೆ. ಆದರೆ ಆ ಹೆಸರುಗಳ ಬಗ್ಗೆ ಹೇಳಬೇಕು. ಪ್ರತಿ ಶನಿವಾರ ಒಂದೊಂದು ಊರಿನ ಕತೆ ಮನೆಗೆ ಬರುತ್ತಿತ್ತು. ಶೆಫೀಲ್ಡ್ ಎಫ್‌ಸಿ ಹುಟ್ಟಿದ್ದು 1857ರ ಅಕ್ಟೋಬರ್ 24ರಂದು. ನಮ್ಮಲ್ಲಿ ಸಿಪಾಯಿಗಳು ಬ್ರಿಟಿಷರ ಮೇಲೆ ತಿರುಗಿಬಿದ್ದ ವರ್ಷ ಅದು. ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್ ಆ ಸೀಸನ್‌ನಲ್ಲಿ ಈ ಸಣ್ಣ ಲೀಗ್‌ನಲ್ಲಿ ಆಡುತ್ತಿತ್ತು. ಅದೇ ಶೆಫೀಲ್ಡ್‌ನ ಇನ್ನೊಂದು ಕ್ಲಬ್ ಹ್ಯಾಲಮ್, ಈ ಲೀಗ್‌ನಲ್ಲಿ ಇರಲಿಲ್ಲ, 1860ರದ್ದು. ಆ ವರ್ಷ ಡಿಸೆಂಬರ್ 26ಕ್ಕೆ ಇವರಿಬ್ಬರೂ ಸ್ಯಾಂಡಿಗೇಟ್ ಗ್ರೌಂಡಿನಲ್ಲಿ ಆಡಿದರು. ಎರಡು ಬೇರೆ ಬೇರೆ ಕ್ಲಬ್ಬುಗಳು ಎದುರಾಬದುರು ಆಡಿದ ಮೊದಲ ಮ್ಯಾಚ್ ಅದು. ಹ್ಯಾಲಮ್ ಈಗಲೂ ಅದೇ ಗ್ರೌಂಡಿನಲ್ಲಿ ಆಡುತ್ತದೆ. ತಮ್ಮ ಅಲ್ಲಿಂದ ವಿಡಿಯೋ ಮಾಡಿದಾಗ ನಾನು ಫೋನ್ ಓರೆ ಹಿಡಿದಿದ್ದಾನೆ ಅಂದುಕೊಂಡೆ. ಓರೆ ಇದ್ದದ್ದು ಗ್ರೌಂಡೇ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಳಿಜಾರು. ನಮ್ಮ ಕಾಲೋನಿ ಹಿಂದಿನ ಗ್ರೌಂಡೂ ರೈಲು ಹಳಿ ಕಡೆಗೆ ಇಳಿಜಾರೇ. ಅದರಿಂದ ಅದು ಗ್ರೌಂಡೇ ಅಲ್ಲ ಅಂತ ಎಷ್ಟೋ ಜನ ಹೇಳಿದ್ದನ್ನು ಕೇಳಿದ್ದೇನೆ.

ಆಷಿಂಗ್ಟನ್ ಅಂತ ಇನ್ನೊಂದು ತಂಡ. ಕಲ್ಲಿದ್ದಲಿನ ಊರು. ಬಾಬಿ ಚಾರ್ಲ್ಟನ್ ಹುಟ್ಟಿದ್ದು ಅಲ್ಲೇ. 1966ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ ಆ ಊರಿನ ಅಣ್ಣ ತಮ್ಮ ಇಬ್ಬರೂ ಇದ್ದರು, ಜ್ಯಾಕ್ ಮತ್ತು ಬಾಬಿ. 2023ರ ಅಕ್ಟೋಬರ್ 21ರ ಶನಿವಾರ ಬಾಬಿ ತೀರಿಕೊಂಡರು. ಬಾಬೆಟ್ ಅನ್ನೋ ಬಿರುಗಾಳಿ ಬಂದು ಶೆಫೀಲ್ಡ್ ಸುತ್ತಮುತ್ತ ಹೊಳೆಗಳು ಉಕ್ಕಿದ ವಾರ ಅದು. ರಿಜಿಸ್ಟರ್‌ನಲ್ಲಿ ಆಷಿಂಗ್ಟನ್ ಹೆಸರಿನ ಮುಂದೆ ಆ ದಿನಾಂಕ ಬರೆದಿಟ್ಟೆ.

ಚಳಿಗಾಲ ಪೂರ್ತಿ ಮಳೆ. ಬೆಳಿಗ್ಗೆ ರೆಫರಿ ಬಂದು ನೆಲ ನೋಡುತ್ತಾರಂತೆ. ನೀರು ನಿಂತಿದ್ದರೆ ಮ್ಯಾಚ್ ಮುಂದಕ್ಕೆ. ಅಪ್ಪನಿಗೆ ಅರ್ಥವೇ ಆಗಲಿಲ್ಲ. "ಮಳಿ ಬಂದ್ರೆ ಹುಡುಗ್ರು ಕುಣೀಬೇಕು. ಇವ್ರು ಆಟ ನಿಲ್ಲಿಸ್ತಾರಾ?" ಅಂದರು. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಬದುಕಿದ ಮನುಷ್ಯ, ಬೇರೆ ಏನು ಕೇಳಿಯಾರು? ಹೀಗೆ ಮುಂದೆ ಹೋದ ಮ್ಯಾಚುಗಳೆಲ್ಲ ಮಂಗಳವಾರ ರಾತ್ರಿಗೆ ಬರುತ್ತಿದ್ದವು. ಅಲ್ಲಿ ಏಳೂ ಮುಕ್ಕಾಲು, ಇಲ್ಲಿ ನಡುರಾತ್ರಿ ಒಂದೂ ಕಾಲು. ನಾನು ನಿದ್ದೆ ಮಾಡುತ್ತಿದ್ದೆ. ನೈಟ್ ಶಿಫ್ಟ್ ಮುಗಿಸಿ ಅಪ್ಪ ಬಸ್ಸಿನಿಂದಲೇ ಫೋನ್ ಮಾಡುತ್ತಿದ್ದರು. ಹಲೋ ಇಲ್ಲ, ಏನಿಲ್ಲ. "ಏನವ್ವಾ, ನಮ್ಮೋರು ಎಷ್ಟನೇದು?"

ನಮ್ಮೋರ ಟೀಮಿನಿಂದ ಮೇಲಕ್ಕೆ ಹೋದ ಆಟಗಾರ ಜೇಮಿ ವಾರ್ಡಿಯ ಕತೆ ಬಹಳ ಜನಕ್ಕೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಹದಿನಾರನೇ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬಿನವರು ಬೇಡ ಅಂದರು. ಸ್ಟಾಕ್ಸ್‌ಬ್ರಿಡ್ಜ್‌ಗೆ ಆಡಲು ಶುರು ಮಾಡಿದಾಗ ವಾರಕ್ಕೆ 30 ಪೌಂಡ್. ಆಗಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಸಾವಿರ ರೂಪಾಯಿ. ಹಗಲು ಫ್ಯಾಕ್ಟರಿಯಲ್ಲಿ ಮುರಿದ ಕೈಕಾಲಿಗೆ ಕಟ್ಟುವ ಪಟ್ಟಿ ತಯಾರಿಸುವ ಕೆಲಸ. 2010ರಲ್ಲಿ ಹ್ಯಾಲಿಫ್ಯಾಕ್ಸ್, 2011ರಲ್ಲಿ ಫ್ಲೀಟ್‌ವುಡ್, 2012ರಲ್ಲಿ ಹತ್ತು ಲಕ್ಷ ಪೌಂಡಿಗೆ ಲೆಸ್ಟರ್. 2016ರಲ್ಲಿ ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು. ಅದನ್ನು ಎಲ್ಲರೂ ಹೇಳುತ್ತಾರೆ. ಆದರೆ ವಾರ್ಡಿ ಹೋದ ಮೇಲೂ ಮುಂದಿನ ಶನಿವಾರ ಬ್ರಾಕನ್ ಮೂರ್‌ನಲ್ಲಿ ಹನ್ನೊಂದು ಜನ ಹಳದಿ ಅಂಗಿ ಹಾಕಿಕೊಂಡು ಇಳಿದರು. ನನಗೆ ಅವರ ಬಗ್ಗೆ ಜಾಸ್ತಿ ಪ್ರೀತಿ. ಎಲ್ಲಿಗೂ ಹೋಗದೆ ಉಳಿದವರು. ಸೋಮವಾರ ಬೆಳಿಗ್ಗೆ ನೋಯುವ ಕಾಲಲ್ಲೇ ಕೆಲಸಕ್ಕೆ ಹೋಗುವವರು.

ಇನ್ನೊಂದು ತಂಡದ ಬಗ್ಗೆ ಹೇಳದೆ ಇರೋಕೆ ಆಗಲ್ಲ. ಕಾನ್ಸೆಟ್.

ಅದೂ ಉಕ್ಕಿನ ಊರು. ಕಾರ್ಖಾನೆಯಿಂದ ಬರುತ್ತಿದ್ದ ಕೆಂಪು ಧೂಳು ಇಡೀ ಊರಿನ ಮೇಲೆ ಕೂರುತ್ತಿತ್ತಂತೆ. ಒಗೆದ ಬಟ್ಟೆ, ಕಿಟಕಿ, ಮನೆ ಚಾವಣಿ ಎಲ್ಲಾ ಕೆಂಪು. ತಮ್ಮ ಇದನ್ನು ಓದಿ ಹೇಳುವಾಗ ಅವ್ವ ತಂತಿ ಮೇಲಿನ ಸೀರೆ ಕೊಡವುತ್ತಿದ್ದಳು. ಇಲ್ಲಿ ಬಿಳೀ ಬಟ್ಟೆ ಬಿಳಿಯಾಗಿ ಉಳಿದದ್ದನ್ನು ನಾನು ನೋಡಿಲ್ಲ. 1980ರಲ್ಲಿ ಕಾನ್ಸೆಟ್ ಕಾರ್ಖಾನೆ ಮುಚ್ಚಿತು. ಮೂರೂವರೆ ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಈಗ ಅಲ್ಲಿ ಕುಲುಮೆಯೂ ಇಲ್ಲ, ಧೂಳೂ ಇಲ್ಲ. ಆದರೆ ಕ್ಲಬ್ ಇದೆ. ಅಡ್ಡಹೆಸರು ಇವತ್ತಿಗೂ "ಸ್ಟೀಲ್‌ಮೆನ್".

ಅಪ್ಪ ಮಿರ್ಚಿ ಕೈಯಲ್ಲೇ ಹಿಡಿದುಕೊಂಡು ಕೇಳಿದರು. "ಫ್ಯಾಕ್ಟ್ರಿ ಹೋದ್ರೂ ಟೀಮ್ ಐತಾ?"

"ಐತಪ್ಪ. ನಲ್ವತ್ಮೂರು ವರ್ಷ ಆತು."

ಅಪ್ಪ ಆಮೇಲೆ ಆ ಮ್ಯಾಚ್ ನೋಡಲಿಲ್ಲ. ಹೊರಗೆ ಹೋಗಿ ಕಟ್ಟೆ ಮೇಲೆ ಕೂತರು.

ಅದು ಯಾಕೆ ಅಂತ ನನಗೆ ಗೊತ್ತಿತ್ತು. 2008ರಲ್ಲಿ ಅಪ್ಪ ಸಂಡೂರು ಕಡೆ ಒಂದು ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದರು. ಆಗ ಅದಿರಿಗೆ ಚಿನ್ನದ ಬೆಲೆ. ಕಾಲೋನಿ ಹುಡುಗರೆಲ್ಲ ಸೇರಿ ಫುಟ್‌ಬಾಲ್ ಟೀಮ್ ಕಟ್ಟಿದ್ದರು. ಒಬ್ಬ ಲಾರಿ ಮಾಲೀಕರು ಹದಿನಾಲ್ಕು ಅಂಗಿ, ಎರಡು ಬಾಲು ಕೊಡಿಸಿದರು. ಅಂಗಿಯ ಬೆನ್ನ ಮೇಲೆ ಅವರ ಟ್ರಾನ್ಸ್‌ಪೋರ್ಟ್ ಹೆಸರು. ಗೋಲ್‌ಪೋಸ್ಟ್ ಮಾಡಿದ್ದು ಅಪ್ಪ. ಗುಜರಿಗೆ ಹಾಕಿದ್ದ ಪೈಪ್ ತಂದು, ಭಾನುವಾರ ಬಿಸಿಲಲ್ಲಿ ಕೂತು ವೆಲ್ಡಿಂಗ್ ಮಾಡಿ, ಎರಡೂ ಕಡೆ ನಿಲ್ಲಿಸಿದರು. ನನಗೆ ಆಗ ಹದಿಮೂರು. ತಮ್ಮನಿಗೆ ಒಂಬತ್ತು, ಬಾಲ್ ತಂದುಕೊಡೋದೇ ಅವನ ಕೆಲಸ. ಕುಡಿತಿನಿ, ಸಂಡೂರು, ಬಳ್ಳಾರಿ ಕೌಲ್ ಬಜಾರ್ ಕಡೆಯ ಹುಡುಗರು ಲಾರಿ ಹತ್ತಿಕೊಂಡು ಬಂದು ಆಡಿ ಹೋಗುತ್ತಿದ್ದರು.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಅದು ನಿಲ್ಲಲೇಬೇಕಿತ್ತು. ಗುಡ್ಡಗಳನ್ನು ಹೇಗೆ ತಿಂದಿದ್ದರು ಅಂತ ಕಣ್ಣಾರೆ ಕಂಡಿದ್ದೇವೆ. ಆದರೆ ನಮ್ಮ ಮನೆಯಲ್ಲಿ ಅದು ಸಂಬಳ ನಿಂತ ದಿನವೂ ಹೌದು. ರಸ್ತೆ ಬದಿಯಲ್ಲಿ ಸಾಲಾಗಿ ಲಾರಿ ನಿಂತವು. ಅಂಗಿ ಕೊಡಿಸಿದ್ದವರ ಲಾರಿಗಳನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು. ಹುಡುಗರು ಕೆಲಸ ಹುಡುಕಿ ಬೆಂಗಳೂರು, ಗೋವಾ ಅಂತ ಹೊರಟರು. ಆರು ತಿಂಗಳಲ್ಲಿ ಟೀಮ್ ಇಲ್ಲ. ಗೋಲ್‌ಪೋಸ್ಟ್ ಮಾತ್ರ ಹಾಗೇ ನಿಂತಿತ್ತು. ಒಂದಕ್ಕೆ ಆಡು ಕಟ್ಟುತ್ತಾರೆ, ಇನ್ನೊಂದಕ್ಕೆ ಬಟ್ಟೆ ಒಣಹಾಕುತ್ತಾರೆ.

ಗಣಿ ಹೋಯಿತು, ಅದರ ಜೊತೆ ಆಟವೂ ಹೋಯಿತು ಅಂತ ಅಪ್ಪ ಹನ್ನೆರಡು ವರ್ಷ ಅಂದುಕೊಂಡಿದ್ದರು. ನಾವೆಲ್ಲರೂ ಹಾಗೇ ಅಂದುಕೊಂಡಿದ್ದೆವು. ನಮ್ಮ ಟೀಮ್ ಲಾರಿ ಮಾಲೀಕರ ಅಂಗಿ ಮೇಲೆ ನಿಂತಿತ್ತು, ಅವರು ಬಿದ್ದಾಗ ಬಿತ್ತು. ಕಾನ್ಸೆಟ್‌ನಲ್ಲಿ ಗೇಟಿನಲ್ಲಿ ಟಿಕೆಟ್ ಹರಿಯೋರು, ಚಹಾ ಕಾಸೋರು, ಹುಲ್ಲಿಗೆ ಗೆರೆ ಎಳೆಯೋರು ಊರಿನವರೇ. ಅವರಿಗೆ ಕೆಲಸ ಹೋಗಿರಬಹುದು, ಆದರೆ ಶನಿವಾರ ಹೋಗಲಿಲ್ಲ.

ನಮ್ಮ ಪಕ್ಕದಲ್ಲೇ, ವಿದ್ಯಾನಗರದ ಕಡೆ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2018ರಲ್ಲಿ ಶುರುವಾಯಿತು. ಒಲಿಂಪಿಕ್ಸ್‌ಗೆ ಹೋಗುವವರು ಅಲ್ಲಿ ತಯಾರಾಗುತ್ತಾರೆ. ನಮಗೆಲ್ಲ ಹೆಮ್ಮೆ. ಅದು ಮೇಲಕ್ಕೆ ಹೋಗುವವರ ಜಾಗ. ಮೂವತ್ತು ವರ್ಷ ಆದವರು, ಶಿಫ್ಟ್ ಮಾಡುವವರು, ಮೇಲಕ್ಕೆ ಹೋಗದವರು ಆಡೋಕೂ ಒಂದು ಜಾಗ ಬೇಕಲ್ವಾ? ಅವರ ಹೆಸರೂ ಒಂದು ಪಟ್ಟಿಯಲ್ಲಿ ಬರಬೇಕು. ಪ್ರತಿ ಶನಿವಾರ ಅದು ಮೇಲೆ ಕೆಳಗೆ ಆಗಬೇಕು. ಒಂದು ದಿನದ ಟೂರ್ನಮೆಂಟು, ಒಂದು ಕಪ್ಪು, ಒಂದು ಹಾರ, ಅದು ನಮ್ಮಲ್ಲಿ ಆಗಾಗ ನಡೆಯುತ್ತದೆ. ಸೋತವರು ಅದೇ ಮಧ್ಯಾಹ್ನ ಮನೆಗೆ ಹೋಗುತ್ತಾರೆ. ಲೀಗ್ ಅಂದರೆ ಸೋತರೂ ಮುಂದಿನ ವಾರ ಬರಬೇಕು. ನನಗೆ ಆ ಒಂದು ಸೀಸನ್‌ನಲ್ಲಿ ಅರ್ಥ ಆದದ್ದು ಇದು.

ಜನವರಿ 27ಕ್ಕೆ ಒಂದು ದೊಡ್ಡ ಸುದ್ದಿ. ಎಫ್‌ಎ ಕಪ್‌ನಲ್ಲಿ ಮೇಡ್‌ಸ್ಟೋನ್ ಯುನೈಟೆಡ್ ಅನ್ನೋ ಆರನೇ ಮೆಟ್ಟಿಲಿನ ತಂಡ ಎರಡನೇ ಮೆಟ್ಟಿಲಿನ ಇಪ್ಸ್‌ವಿಚ್ ತಂಡವನ್ನು ಅವರ ಊರಲ್ಲೇ 2-1ರಿಂದ ಸೋಲಿಸಿತು. ಆ ಕಪ್‌ಗೆ ಏಳುನೂರಕ್ಕೂ ಹೆಚ್ಚು ಕ್ಲಬ್ ಸೇರುತ್ತವೆ, ಸ್ಟಾಕ್ಸ್‌ಬ್ರಿಡ್ಜ್‌ನಂಥವರೂ. ಅಪ್ಪ ಅವತ್ತು ಪಕ್ಕದ ಮನೆಯವರನ್ನೂ ಕರೆದು ಹೈಲೈಟ್ಸ್ ತೋರಿಸಿದರು.

ಏಪ್ರಿಲ್‌ನಲ್ಲಿ ಸೀಸನ್ ಮುಗಿಯಿತು. ಮೊದಲು ಬಂದ ತಂಡ ನೇರವಾಗಿ ಮೇಲಿನ ಡಿವಿಷನ್‌ಗೆ. ಎರಡರಿಂದ ಐದನೇ ಜಾಗದವರು ಪ್ಲೇ-ಆಫ್ ಆಡಿ ಒಬ್ಬರು ಮೇಲಕ್ಕೆ. ಆ ವರ್ಷ ಹೆಬರ್ನ್ ಟೌನ್, ಸ್ಟಾಕ್ಟನ್ ಟೌನ್ ಮೇಲಕ್ಕೆ ಹೋದವು. ನಮ್ಮೋರು ಅಲ್ಲೇ ಉಳಿದರು. ತಮ್ಮನಿಗೆ ಬೇಜಾರಾಗಿತ್ತು. ಅಪ್ಪನಿಗೆ ಬೇರೆ ಏನೋ ತಲೆಯಲ್ಲಿತ್ತು. "ಲೇ, ಅಲ್ಲಿ ಗೋಲ್‌ಪೋಸ್ಟ್ ಅಗಲ ಎಷ್ಟು, ಕೇಳ್ಕೊಂಬಾ" ಅಂದರು.

"ಕೇಳೋದೇನಪ್ಪ, ಎಲ್ಲಾ ಕಡೆ ಒಂದೇ. ಅಗಲ ಇಪ್ಪತ್ನಾಲ್ಕು ಅಡಿ, ಎತ್ತರ ಎಂಟು."

ಅಪ್ಪ ಟೇಪ್ ತಗೊಂಡು ಗ್ರೌಂಡಿಗೆ ಹೋದರು. ನಾನೂ ಹೋದೆ. ಎತ್ತರ ಸರಿ ಇತ್ತು. ಅಗಲ ಇಪ್ಪತ್ತೇ ಅಡಿ. ಪೈಪ್ ಬರೋದೇ ಇಪ್ಪತ್ತು ಅಡಿ ಉದ್ದಕ್ಕೆ. 2008ರಲ್ಲಿ ಅಪ್ಪ ಅದನ್ನು ಕತ್ತರಿಸದೆ ಹಾಗೇ ಅಡ್ಡ ಹಾಕಿದ್ದರು. ಮೂರು ವರ್ಷ ನಮ್ಮ ಹುಡುಗರು ನಾಲ್ಕು ಅಡಿ ಚಿಕ್ಕ ಗೋಲಿಗೆ ಒದ್ದಿದ್ದರು. ಅಪ್ಪ ಪೈಪ್ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು.

ಮೇ ತಿಂಗಳಲ್ಲಿ ರಜೆ ಹಾಕಿದರು. ಬಿಸಿಲು ಏರೋ ಮುಂಚೆ, ಬೆಳಿಗ್ಗೆ ಆರಕ್ಕೇ ವೆಲ್ಡಿಂಗ್ ಮಿಷನ್ ಬಾಡಿಗೆ ತಂದು ಶುರು ಮಾಡಿದರು. ಕರೆಂಟ್ ಎದುರು ಮನೆಯಿಂದ. ಒಂದೊಂದು ಅಡ್ಡ ಪೈಪಿಗೂ ನಾಲ್ಕು ಅಡಿ ತುಂಡು ಸೇರಿಸಿದರು. ಒಂದೊಂದು ಕಡೆಯ ಕಂಬ ಕಿತ್ತು, ಹೊಸ ಗುಂಡಿ ತೋಡಿ ನೆಟ್ಟರು. ಗೋವಾದಿಂದ ವಾಪಸ್ ಬಂದ ಇಬ್ಬರು ಹಳೇ ಆಟಗಾರರು ಕಾಂಕ್ರೀಟ್ ಕಲಸಿದರು, ಈಗ ಅವರಿಗೂ ಮಕ್ಕಳಿದ್ದಾರೆ. ಆಡು ಕಟ್ಟುತ್ತಿದ್ದ ಅಜ್ಜಿಗೆ ಪಕ್ಕದಲ್ಲಿ ಬೇರೆ ಗೂಟ ಹೊಡೆದು ಕೊಟ್ಟರು. ಕೊನೆಗೆ ಬಿಳೀ ಬಣ್ಣ. ಬಣ್ಣ ಹೊಡೆದರೂ ಬೆಸುಗೆ ಜಾಗ ಉಬ್ಬಿಕೊಂಡು ಕಾಣುತ್ತದೆ. ಉಜ್ಜಿ ನುಣ್ಣಗೆ ಮಾಡಲಾ ಅಂತ ಒಬ್ಬ ಹುಡುಗ ಕೇಳಿದ. ಅಪ್ಪ ಬೇಡ ಅಂದರು.

ರಿಜಿಸ್ಟರ್‌ನಲ್ಲಿ ಇನ್ನೂ ಆರು ಪುಟ ಉಳಿದಿವೆ. ಮೊನ್ನೆ ಹೊಸ ಪುಟದಲ್ಲಿ ಎಡಗಡೆ ಐದು ಹೆಸರು ಬರೆದೆ. ನಮ್ಮ ಕಾಲೋನಿ, ಕುಡಿತಿನಿ, ಸಂಡೂರು, ಕೌಲ್ ಬಜಾರ್, ಮತ್ತೆ ಪ್ಲಾಂಟ್‌ನ ಲಾರಿ ಡ್ರೈವರ್‌ಗಳದ್ದೊಂದು. ಎಲ್ಲರ ಮುಂದೆಯೂ ಸೊನ್ನೆ. ಮೊದಲ ಮ್ಯಾಚ್ ಜೂನ್ ಎರಡನೇ ಶನಿವಾರ, ಸಂಜೆ ಐದಕ್ಕೆ. ಚಹಾ ನಮ್ಮ ಮನೆಯಿಂದ.